‘ಕಾನ್‌ಸ್ಟಿಟ್ಯೂಷನಲಿ’: ರಾಜ್ಯದ ಮಾತೋ, ಮೈಯ ಮಾತೋ?

ಪ್ರಶ್ನೆ: ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವುದನ್ನು ಈಚೆಗೆ ಕಲಿಯುತ್ತಿದ್ದೇನೆ. ಅಭ್ಯಾಸಕ್ಕೆಂದು ಕೊಟ್ಟ ಎರಡು ವಾಕ್ಯಗಳಲ್ಲಿ ‘ಕಾನ್‌ಸ್ಟಿಟ್ಯೂಷನಲಿ’ ಎಂಬ ಒಂದೇ ಕ್ರಿಯಾವಿಶೇಷಣ ಬಂದಿತ್ತು. ಮೊದಲನೆಯದು ‘ದಿ ಗವರ್ನರ್ ಈಸ್ ಕಾನ್‌ಸ್ಟಿಟ್ಯೂಷನಲಿ ಬೌಂಡ್ ಬೈ ದಿ ಅಡ್ವೈಸ್ ಆಫ್ ದಿ ಕ್ಯಾಬಿನೆಟ್’. ಎರಡನೆಯದು ‘ಮೈ ಅಂಕಲ್ ಈಸ್ ಕಾನ್‌ಸ್ಟಿಟ್ಯೂಷನಲಿ ಇನ್‌ಕೇಪಬಲ್ ಆಫ್ ಬೀಯಿಂಗ್ ಆನ್ ಟೈಮ್’. ಎರಡನೆಯದನ್ನು ನಾನು ‘ನಮ್ಮ ಮಾವ ಹೊತ್ತಿಗೆ ಸರಿಯಾಗಿ ಬರಲು ಸಾಂವಿಧಾನಿಕವಾಗಿ ಅಸಮರ್ಥರು’ ಎಂದು ಬರೆದೆ. ತರಗತಿಯಲ್ಲಿ ಎಲ್ಲರೂ ನಕ್ಕರು. ಈ ಪದಕ್ಕೆ ನಿಜವಾಗಿ ಎಷ್ಟು ಅರ್ಥಗಳಿವೆ? ಹಾಗೆಯೇ ಕನ್ನಡದಲ್ಲಿ ‘ಸಾಂವಿಧಾನಿಕವಾಗಿ’, ‘ಸಂವಿಧಾನಬದ್ಧವಾಗಿ’, ‘ಸಂವಿಧಾನಾತ್ಮಕವಾಗಿ’ ಎಂಬ ಮೂರೂ ಕಾಣಸಿಗುತ್ತವೆ. ಇವು ಒಂದೇ ಏನು?

ಉತ್ತರ: ನಿಮ್ಮ ಮಾವನವರ ವಾಕ್ಯವನ್ನು ಮೊದಲು ಸರಿಪಡಿಸಿ ಮುಂದೆ ಹೋಗೋಣ. ‘ಹೊತ್ತಿಗೆ ಸರಿಯಾಗಿ ಬರುವುದು ನಮ್ಮ ಮಾವನ ಜಾಯಮಾನದಲ್ಲೇ ಇಲ್ಲ’ ಎಂದು ಬರೆದಿದ್ದರೆ ಯಾರೂ ನಗುತ್ತಿರಲಿಲ್ಲ. ರಾಜ್ಯಪಾಲರ ವಾಕ್ಯಕ್ಕೆ ‘ಸಚಿವ ಸಂಪುಟದ ಸಲಹೆಯಂತೆ ನಡೆಯಲು ರಾಜ್ಯಪಾಲರು ಸಾಂವಿಧಾನಿಕವಾಗಿ ಬದ್ಧರು’ ಎಂಬುದು ಸಾಕು. ಒಂದೇ ಇಂಗ್ಲಿಷ್ ಪದ ಒಂದು ಕಡೆ ರಾಜ್ಯದ ರಚನೆಯ ಮಾತಾಡುತ್ತಿದೆ, ಇನ್ನೊಂದು ಕಡೆ ಮನುಷ್ಯನ ಮೈಮನಸ್ಸಿನ ರಚನೆಯ ಮಾತಾಡುತ್ತಿದೆ. ಇಂಗ್ಲಿಷ್ ಈ ಎರಡನ್ನೂ ಒಂದೇ ಮಾತಿನಲ್ಲಿ ಇಟ್ಟುಕೊಂಡಿದೆ. ಇಂದಿನ ಕನ್ನಡ ಬೇರೆಬೇರೆ ಮಾಡಿಕೊಂಡಿದೆ. ಆದುದರಿಂದ ಇಂಗ್ಲಿಷಿನಲ್ಲಿ ಬರೆಯುವವರು ಯೋಚಿಸದೆ ದಾಟಿಹೋಗುವ ಜಾಗದಲ್ಲಿ ಕನ್ನಡದ ಅನುವಾದಕರು ನಿಂತು, ಇಲ್ಲಿ ಹೇಳುತ್ತಿರುವುದು ಯಾರ ರಚನೆಯನ್ನು ಎಂದು ಕೇಳಿಕೊಳ್ಳಲೇಬೇಕಾಗುತ್ತದೆ.

ಪದದ ಬೇರು ಲ್ಯಾಟಿನ್‌ನದು. ‘ಕಾನ್‌ಸ್ಟಿಟ್ಯುಯೆರೆ’ ಎಂದರೆ ಒಟ್ಟುಗೂಡಿಸಿ ನಿಲ್ಲಿಸುವುದು, ಸ್ಥಾಪಿಸುವುದು. ಇಂಗ್ಲೆಂಡಿನ ಮಧ್ಯಯುಗದಲ್ಲಿ ‘ಕಾನ್‌ಸ್ಟಿಟ್ಯೂಷನ್’ ಎಂದರೆ ಅರಸನೋ ಚರ್ಚೋ ಹೊರಡಿಸಿದ ಕಟ್ಟಳೆ. ಎರಡನೇ ಹೆನ್ರಿ 1164ರಲ್ಲಿ ಚರ್ಚಿನ ಅಧಿಕಾರವನ್ನು ಹದ್ದಿನಲ್ಲಿಡಲು ಹೊರಡಿಸಿದ 16 ವಿಧಿಗಳನ್ನು ‘ಕಾನ್‌ಸ್ಟಿಟ್ಯೂಷನ್ಸ್ ಆಫ್ ಕ್ಲಾರೆಂಡನ್’ ಎಂದೇ ಕರೆಯುತ್ತಾರೆ. ಆಮೇಲೆ ಈ ಪದ ದೇಹದ ಕಡೆಗೆ ಹೊರಳಿ, ಒಬ್ಬ ಮನುಷ್ಯ ಯಾವ ಯಾವ ಅಂಶಗಳಿಂದ ಆಗಿದ್ದಾನೆ, ಚಳಿಯನ್ನು ತಾಳಿಕೊಳ್ಳುವ ಮೈಯೋ, ಸಣ್ಣದಕ್ಕೂ ಸೊರಗುವ ಮೈಯೋ ಎಂಬ ಅರ್ಥವನ್ನು ಪಡೆಯಿತು. ರಾಜ್ಯವನ್ನು ಒಂದು ಶರೀರವೆಂದು, ಅರಸನನ್ನು ತಲೆಯೆಂದು ಭಾವಿಸುವ ಕಲ್ಪನೆ ಯುರೋಪಿನಲ್ಲಿ ಬಲವಾಗಿದ್ದುದರಿಂದ, ಶರೀರಕ್ಕೆ ಹೇಳಿದ್ದನ್ನು ರಾಜ್ಯಕ್ಕೂ ಹೇಳುವುದು ಸಹಜವಾಯಿತು. 1787ರಲ್ಲಿ ಅಮೆರಿಕದವರು ತಮ್ಮ ರಾಜ್ಯದ ಕಟ್ಟನ್ನು ಒಂದೇ ದಸ್ತಾವೇಜಿನಲ್ಲಿ ಬರೆದಿಟ್ಟ ಮೇಲೆ ಆ ದಸ್ತಾವೇಜಿಗೇ ಈ ಹೆಸರು ಗಟ್ಟಿಯಾಗಿ ಅಂಟಿಕೊಂಡಿತು.

ಇದು ಪರಕೀಯರ ವಿಚಿತ್ರ ಎಂದುಕೊಳ್ಳಬೇಡಿ. ನಮ್ಮಲ್ಲಿಯೂ ಹೀಗೆಯೇ ಇತ್ತು. ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ ಎಂಬ ಏಳನ್ನು ರಾಜ್ಯದ ಸಪ್ತಾಂಗಗಳು ಎನ್ನುತ್ತೇವೆ. ಅಂಗ ಎಂದಾಗಲೇ ಅದು ಶರೀರದ ಮಾತು. ಕೌಟಿಲ್ಯನ ಅರ್ಥಶಾಸ್ತ್ರವಂತೂ ಈ ಏಳನ್ನು ‘ಪ್ರಕೃತಿ’ಗಳು ಎಂದೇ ಕರೆಯುತ್ತದೆ, ವಾತಪ್ರಕೃತಿ, ಪಿತ್ತಪ್ರಕೃತಿ ಎಂದು ಆಯುರ್ವೇದ ಹೇಳುವ ಅದೇ ಪ್ರಕೃತಿ. ಅಂದರೆ ಇಂಗ್ಲಿಷಿನ ‘ಕಾನ್‌ಸ್ಟಿಟ್ಯೂಷನ್’ ಹೊತ್ತಿರುವ ಎರಡೂ ಹೊರೆಗಳನ್ನು ಸಂಸ್ಕೃತದ ‘ಪ್ರಕೃತಿ’ ಅದಕ್ಕಿಂತ ಬಹಳ ಹಿಂದೆಯೇ ಹೊತ್ತಿತ್ತು. ತೆಲುಗಿನವರು ಇಂದಿಗೂ ಸಂವಿಧಾನಕ್ಕೆ ‘ರಾಜ್ಯಾಂಗಂ’ ಎನ್ನುತ್ತಾರೆ. ಕನ್ನಡದ ಹಳೆಯ ಬರಹಗಳಲ್ಲಿಯೂ ‘ರಾಜ್ಯಾಂಗ’ ಈ ಅರ್ಥದಲ್ಲಿ ಸಿಗುತ್ತದೆ. ಈಗ ಆ ಪದವನ್ನು ನಾವು ಹೆಚ್ಚುಕಡಿಮೆ ಬಿಟ್ಟಿದ್ದೇವೆ, ಆದರೆ ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎನ್ನುವಾಗ ಹಳೆಯ ಶರೀರದ ಕೈಕಾಲುಗಳು ಉಳಿದುಕೊಂಡಿವೆ. ‘ಸಂವಿಧಾನ’ ಎಂಬ ಪದವಾದರೂ ಮೊದಲಿನಿಂದ ಕಾನೂನಿನದಲ್ಲ. ಅದರ ಮೂಲಾರ್ಥ ಜೋಡಣೆ, ಏರ್ಪಾಟು. ವಿಮರ್ಶಕರು ನಾಟಕದ ‘ಕಥಾಸಂವಿಧಾನ’ ಬಿಗಿಯಾಗಿದೆ ಎಂದು ಬರೆಯುವಾಗ ಆ ಹಳೆಯ ಅರ್ಥವನ್ನೇ ಬಳಸುತ್ತಾರೆ. ಗಣರಾಜ್ಯದ ಮೂಲ ಶಾಸನಕ್ಕೆ ಅದೇ ಹೆಸರು ನಿಂತ ಮೇಲೆ ‘ಸಂವಿಧಾನ’ ಎಂದರೆ ಜನಸಾಮಾನ್ಯರ ಕಿವಿಗೆ ಅದೊಂದೇ ಕೇಳಿಸುತ್ತದೆ. ನಿಮ್ಮ ತರಗತಿ ನಕ್ಕಿದ್ದು ಇದಕ್ಕೇ. ಮಾವನವರು ಹೊತ್ತಿಗೆ ಸರಿಯಾಗಿ ಬರುವುದಕ್ಕೆ ಯಾವುದೋ ವಿಧಿಯ ಅಡ್ಡಿಯಿದೆ ಎಂಬಂತೆ ಆ ವಾಕ್ಯ ಕೇಳಿಸಿತು.

ಇನ್ನು ಬಳಕೆಗೆ ಬರೋಣ. ಮೈಮನಸ್ಸಿನ ಅರ್ಥದಲ್ಲಿ ಈ ಕ್ರಿಯಾವಿಶೇಷಣಕ್ಕೆ ಒಂದು ಚಾಳಿಯಿದೆ: ಅದು ಬಹುಪಾಲು ‘ಆಗದು’, ‘ಒಲ್ಲೆ’ ಎಂಬ ಕಡೆಯ ಗುಣವಾಚಕಗಳ ಜೊತೆಗೇ ಓಡಾಡುತ್ತದೆ. ಇನ್‌ಕೇಪಬಲ್, ಅನೇಬಲ್, ಅವರ್ಸ್, ಅನ್‌ಸೂಟೆಡ್, ಲೇಜಿ, ಟಿಮಿಡ್ ಇವುಗಳ ಹಿಂದೆ ಅದನ್ನು ನೋಡುತ್ತೀರಿ. ‘ಕಾನ್‌ಸ್ಟಿಟ್ಯೂಷನಲಿ ಜೆನರಸ್’ ಎಂದರೆ ತಪ್ಪಲ್ಲ, ಆದರೆ ಅಪರೂಪ. ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಬರಹದಲ್ಲಿ ‘ಕಾನ್‌ಸ್ಟಿಟ್ಯೂಷನಲಿ ಡೆಲಿಕೇಟ್’ ಎಂದಿದ್ದರೆ ಅದು ನೇರವಾಗಿ ದೇಹದ ಮಾತು. ಹುಟ್ಟಿನಿಂದಲೇ ನಾಜೂಕಾದ ಮೈ ಎಂದರ್ಥ. ಇಂದಿನ ಬಳಕೆಯಲ್ಲಿ ಅದು ಹೆಚ್ಚಾಗಿ ಸ್ವಭಾವದ ಮಾತಾಗಿದೆ, ಅದರಲ್ಲಿಯೂ ತುಸು ತಮಾಷೆಯ ಅತಿಶಯೋಕ್ತಿ ಸೇರಿಕೊಂಡಿದೆ. ‘ಆತ ಬಯಸಿದರೂ ಆತನಿಂದಾಗದು, ಆತನನ್ನು ಮಾಡಿರುವುದೇ ಹಾಗೆ’ ಎಂಬ ಸೂಚನೆ ಅದರಲ್ಲಿದೆ. ಆದ್ದರಿಂದ ಬರಿಯ ‘ಸ್ವಭಾವತಃ’ ಕೆಲವೊಮ್ಮೆ ಸಪ್ಪೆಯಾಗುತ್ತದೆ. ‘ಸುಳ್ಳು ಹೇಳುವುದು ಅವಳ ಜಾಯಮಾನದಲ್ಲೇ ಇಲ್ಲ’, ‘ಸುಮ್ಮನೆ ಕೂರುವುದು ಅವನ ಹುಟ್ಟುಗುಣಕ್ಕೇ ವಿರುದ್ಧ’, ‘ಜಿಪುಣತನ ಅವರಿಗೆ ರಕ್ತಗತ’ ಎಂಬಂಥವು ಇಂಗ್ಲಿಷಿನ ಆ ಒತ್ತನ್ನು ಪೂರ್ತಿಯಾಗಿ ತರುತ್ತವೆ. ಗಮನಿಸಿ, ಈ ಯಾವ ವಾಕ್ಯದಲ್ಲಿಯೂ ‘ಕಾನ್‌ಸ್ಟಿಟ್ಯೂಷನಲಿ’ಯ ಜಾಗಕ್ಕೆ ಕ್ರಿಯಾವಿಶೇಷಣ ಬಂದಿಲ್ಲ. ಇಂಗ್ಲಿಷ್ ಕ್ರಿಯಾವಿಶೇಷಣಕ್ಕೆ ಕನ್ನಡದಲ್ಲಿಯೂ ‘ಆಗಿ’ ಹಚ್ಚಿಯೇ ತೀರಬೇಕು ಎಂಬ ಹಟವನ್ನು ಬಿಟ್ಟರೆ ಅರ್ಧ ಅನುವಾದ ತಾನಾಗಿ ಸುಧಾರಿಸುತ್ತದೆ.

ದೇಹದ ಅರ್ಥವೇ ಆಗಿದ್ದರೆ ‘ಪ್ರಕೃತಿ’ಯನ್ನು ಹಿಂಜರಿಯದೆ ಬಳಸಿ. ‘ಮೊಸರು ನನ್ನ ಪ್ರಕೃತಿಗೆ ಒಗ್ಗುವುದಿಲ್ಲ’, ‘ಅವರದು ಉಷ್ಣ ಪ್ರಕೃತಿ’ ಎನ್ನುವುದು ಮನೆಮನೆಯ ಮಾತು. ಉತ್ತರ ಕರ್ನಾಟಕದ ಹಿರಿಯರು ಕಾಯಿಲೆ ಬಿದ್ದವರನ್ನು ‘ಪ್ರಕೃತಿ ಹ್ಯಾಂಗೈತ್ರಿ?’ ಎಂದೇ ವಿಚಾರಿಸುತ್ತಾರೆ.

ವೈದ್ಯಕೀಯ ಬರಹದಲ್ಲಿ ಮಾತ್ರ ಒಂದು ಹೊಂಡವಿದೆ. ‘ಕಾನ್‌ಸ್ಟಿಟ್ಯೂಷನಲ್ ಸಿಂಪ್ಟಮ್ಸ್’ ಎಂದರೆ ಜ್ವರ, ಸುಸ್ತು, ತೂಕ ಇಳಿಯುವುದು, ರಾತ್ರಿ ಬೆವರುವುದು ಮುಂತಾದ, ಒಂದು ಅಂಗಕ್ಕೆ ಸೀಮಿತವಾಗದೆ ಇಡೀ ಮೈಯನ್ನು ಹಿಡಿದ ಲಕ್ಷಣಗಳು. ನಾನೊಮ್ಮೆ ತಿದ್ದಲು ಕೈಗೆತ್ತಿಕೊಂಡ ಆರೋಗ್ಯ ಕೈಪಿಡಿಯ ಕರಡಿನಲ್ಲಿ ಇದು ‘ಸಾಂವಿಧಾನಿಕ ರೋಗಲಕ್ಷಣಗಳು’ ಎಂದು ಅಚ್ಚಿಗೆ ಸಿದ್ಧವಾಗಿತ್ತು. ಪಕ್ಕದ ಸಾಲಿನಲ್ಲಿಯೇ ‘ಸಂಜೆಯ ಹೊತ್ತು ಸಣ್ಣ ಜ್ವರ’ ಎಂದಿದ್ದರೂ ಬರೆದವರಿಗೆ ಅನುಮಾನ ಬಂದಿರಲಿಲ್ಲ. ‘ಇಡೀ ಮೈಗೆ ಸಂಬಂಧಿಸಿದ ಲಕ್ಷಣಗಳು’ ಎಂದು ತಿದ್ದಿದೆವು. ಆರೋಗ್ಯಕ್ಕೆಂದು ದಿನವೂ ನಡೆಯುವ ನಡಿಗೆಯನ್ನು ಹಳೆಯ ಬ್ರಿಟಿಷ್ ಇಂಗ್ಲಿಷಿನಲ್ಲಿ ‘ಕಾನ್‌ಸ್ಟಿಟ್ಯೂಷನಲ್’ ಎಂದೇ ಕರೆಯುತ್ತಿದ್ದರು. ಮುದುಕರೊಬ್ಬರು ‘ಮಾರ್ನಿಂಗ್ ಕಾನ್‌ಸ್ಟಿಟ್ಯೂಷನಲ್’ಗೆ ಹೊರಟರೆಂದರೆ ಅವರು ವಾಕಿಂಗ್‌ಗೆ ಹೊರಟರು, ಅಷ್ಟೆ.

ರಾಜ್ಯದ ಅರ್ಥಕ್ಕೆ ಬಂದರೆ ವಿಷಯ ಹೆಚ್ಚು ಸೂಕ್ಷ್ಮವಾಗುತ್ತದೆ. ಯಾಕೆಂದರೆ ಇಲ್ಲಿ ಒಂದೇ ಪದ ವಾಕ್ಯದಲ್ಲಿ ತಾನು ನಿಂತ ಜಾಗಕ್ಕೆ ತಕ್ಕಂತೆ ಬೇರೆಬೇರೆ ಕೆಲಸ ಮಾಡುತ್ತದೆ.

ವಾಕ್ಯದ ತಲೆಯಲ್ಲಿ ಅಲ್ಪವಿರಾಮದೊಡನೆ ಬಂದರೆ ಅದು ದೃಷ್ಟಿಕೋನವನ್ನು ಹೇಳುತ್ತದೆ. ‘ಕಾನ್‌ಸ್ಟಿಟ್ಯೂಷನಲಿ, ದಿ ಎಕ್ಸಿಕ್ಯುಟಿವ್ ಪವರ್ ಆಫ್ ದಿ ಯೂನಿಯನ್ ವೆಸ್ಟ್ಸ್ ಇನ್ ದಿ ಪ್ರೆಸಿಡೆಂಟ್’ ಎಂದರೆ ‘ಸಂವಿಧಾನದ ಪ್ರಕಾರ ಒಕ್ಕೂಟದ ಕಾರ್ಯಾಂಗದ ಅಧಿಕಾರ ರಾಷ್ಟ್ರಪತಿಗಳಲ್ಲಿ ನಿಹಿತವಾಗಿದೆ’. ಇದು 53ನೇ ವಿಧಿಯ ಮಾತು. ಇಂಥ ವಾಕ್ಯದ ಬೆನ್ನಿಗೇ ಬಹುಮಟ್ಟಿಗೆ ಒಂದು ‘ಆದರೆ’ ಕಾದಿರುತ್ತದೆ: ಆದರೆ ರಾಷ್ಟ್ರಪತಿಗಳು 74ನೇ ವಿಧಿಯಂತೆ ಮಂತ್ರಿಮಂಡಲದ ಸಲಹೆಯ ಮೇರೆಗೇ ನಡೆಯಬೇಕು. ಇಲ್ಲಿ ‘ಸಂವಿಧಾನಬದ್ಧವಾಗಿ’ ಎಂದು ಬರೆದರೆ ಅರ್ಥ ಕೆಡುತ್ತದೆ. ಅಧಿಕಾರ ಬದ್ಧವಾಗಿ ನಡೆದುಕೊಳ್ಳುತ್ತಿದೆ ಎಂದು ಯಾರೂ ಹೇಳುತ್ತಿಲ್ಲ. ಸಂವಿಧಾನವೆಂಬ ಕಿಟಕಿಯಿಂದ ನೋಡಿದರೆ ಹೀಗೆ ಕಾಣುತ್ತದೆ ಎಂದಷ್ಟೇ ಹೇಳುತ್ತಿದ್ದಾರೆ.

ಕ್ರಿಯಾಪದದ ಬಳಿ ಬಂದರೆ ಅದು ನಡೆದುಕೊಂಡ ರೀತಿಯನ್ನು ಹೇಳುತ್ತದೆ. ‘ದಿ ಗವರ್ನ್‌ಮೆಂಟ್ ಆಕ್ಟೆಡ್ ಕಾನ್‌ಸ್ಟಿಟ್ಯೂಷನಲಿ’ ಎಂದರೆ ಸರ್ಕಾರ ಸಂವಿಧಾನಕ್ಕೆ ಬದ್ಧವಾಗಿ, ಅದರ ಮೇರೆ ಮೀರದೆ ನಡೆದುಕೊಂಡಿತು. ಇಲ್ಲಿ ‘ಸಂವಿಧಾನಬದ್ಧವಾಗಿ’ ಹೇಳಿ ಮಾಡಿಸಿದ ಪದ. ಈ ಅರ್ಥವನ್ನು ಶಾಸನದ ಭಾಷೆ ಹೇಗೆ ಬಿಡಿಸಿ ಹೇಳುತ್ತದೆ ಎಂಬುದಕ್ಕೆ 356ನೇ ವಿಧಿಯನ್ನು ನೋಡಬೇಕು. ರಾಜ್ಯವೊಂದರ ಸರ್ಕಾರವನ್ನು ‘ಈ ಸಂವಿಧಾನದ ಉಪಬಂಧಗಳಿಗೆ ಅನುಸಾರವಾಗಿ’ ನಡೆಸಲಾಗದಂಥ ಪರಿಸ್ಥಿತಿ ಉಂಟಾದರೆ ಎಂದು ಅದು ಹೇಳುತ್ತದೆ. ಅಷ್ಟು ಉದ್ದದ ಮಾತನ್ನು ಒಂದೇ ಪದಕ್ಕೆ ಇಳಿಸಿದರೆ ಸಿಗುವುದು ನಮ್ಮ ಈ ಕ್ರಿಯಾವಿಶೇಷಣವೇ. ಇಷ್ಟನ್ನು ಯಾರು, ಎಲ್ಲಿ ನಿಂತು ತೀರ್ಮಾನಿಸಬೇಕು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದೂ ನಮ್ಮ ಕರ್ನಾಟಕದ ಪ್ರಕರಣದಲ್ಲಿ. ಬಹುಮತ ಹೋಗಿದೆ ಎಂಬ ರಾಜ್ಯಪಾಲರ ವರದಿಯ ಮೇಲೆ ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರವನ್ನು 1989ರ ಏಪ್ರಿಲ್ 21ರಂದು ವಜಾಗೊಳಿಸಲಾಯಿತು. ವಿಧಾನಸಭೆಯಲ್ಲಿ ಬಹುಮತ ಸಾಬೀತುಪಡಿಸುತ್ತೇನೆ ಎಂದು ಮುಖ್ಯಮಂತ್ರಿ ಹೇಳಿದ್ದಕ್ಕೆ ಅವಕಾಶ ಸಿಗಲಿಲ್ಲ. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಬಹುಮತದ ಪರೀಕ್ಷೆ ಸದನದಲ್ಲಿಯೇ ನಡೆಯಬೇಕೆಂದೂ ಆ ವಜಾ ಸಂವಿಧಾನಬಾಹಿರವೆಂದೂ ಹೇಳಿತು. ಆ ಹೊತ್ತಿಗೆ ಐದು ವರ್ಷಗಳೇ ಕಳೆಯುತ್ತ ಬಂದಿದ್ದವು ಎಂಬುದು ಬೇರೆ ಮಾತು.

ಮೂರನೆಯದು, ‘ಗ್ಯಾರಂಟೀಡ್’, ‘ಪ್ರೊಟೆಕ್ಟೆಡ್’, ‘ಮ್ಯಾಂಡೇಟೆಡ್’ ಮುಂತಾದವುಗಳ ಹಿಂದೆ ಬಂದು, ಆ ಖಾತರಿ, ರಕ್ಷಣೆ, ಕಡ್ಡಾಯಗಳು ಎಲ್ಲಿಂದ ಬಂದವು ಎಂದು ಮೂಲವನ್ನು ಹೇಳುವುದು. ಕನ್ನಡದಲ್ಲಿ ಸಂವಿಧಾನವನ್ನೇ ಕರ್ತೃವಾಗಿ ಮಾಡಿಬಿಟ್ಟರೆ ವಾಕ್ಯ ಹಗುರಾಗುತ್ತದೆ. ‘ಸಾಂವಿಧಾನಿಕವಾಗಿ ಖಾತರಿಪಡಿಸಲ್ಪಟ್ಟ ಹಕ್ಕು’ ಎಂದು ಬರೆಯುವ ಬದಲು ‘ಸಂವಿಧಾನ ಖಾತರಿಪಡಿಸಿದ ಹಕ್ಕು’ ಅಥವಾ ‘ಸಂವಿಧಾನದತ್ತ ಹಕ್ಕು’ ಎನ್ನಿ. ಈ ಬಳಕೆಯನ್ನು ಹಗುರವಾಗಿ ಕಾಣಬಾರದು. ಯಾಕೆಂದರೆ ಸಂವಿಧಾನ ಕೊಟ್ಟದ್ದಕ್ಕೂ ಸಾಮಾನ್ಯ ಶಾಸನ ಕೊಟ್ಟದ್ದಕ್ಕೂ, ಸಂವಿಧಾನದೊಳಗೇ ಮೂಲಭೂತ ಹಕ್ಕಿಗೂ ಮಿಕ್ಕ ಹಕ್ಕಿಗೂ ವ್ಯತ್ಯಾಸವಿದೆ. ಆಸ್ತಿಯ ಹಕ್ಕು ಮೊದಲು ಮೂಲಭೂತ ಹಕ್ಕಾಗಿತ್ತು. 1978ರ 44ನೇ ತಿದ್ದುಪಡಿ ಅದನ್ನು ಆ ಪಟ್ಟಿಯಿಂದ ತೆಗೆದು 300ಎ ವಿಧಿಯಲ್ಲಿ ಇಟ್ಟಿತು. ಹೀಗಾಗಿ ಆಸ್ತಿ ಇಂದಿಗೂ ‘ಕಾನ್‌ಸ್ಟಿಟ್ಯೂಷನಲಿ ಪ್ರೊಟೆಕ್ಟೆಡ್’ ಎನ್ನುವುದು ಸರಿ, ಅದನ್ನು ‘ಮೂಲಭೂತ ಹಕ್ಕು’ ಎಂದು ಅನುವಾದಿಸುವುದು ತಪ್ಪು. ಚುನಾವಣಾ ಆಯೋಗ 324ನೇ ವಿಧಿಯಿಂದ ಹುಟ್ಟಿದ ಸಾಂವಿಧಾನಿಕ ಸಂಸ್ಥೆ; ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1993ರ ಕಾಯ್ದೆಯೊಂದರಿಂದ ಹುಟ್ಟಿದ ಶಾಸನಬದ್ಧ ಸಂಸ್ಥೆ. ಕರ್ನಾಟಕದ ಪಂಚಾಯಿತಿಗಳ ಕಥೆಯಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. 1983ರ ಕಾಯ್ದೆಯಿಂದ ಬಂದ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳು ದೇಶವೇ ತಿರುಗಿ ನೋಡುವಂತಿದ್ದರೂ ಅವು ನಿಂತದ್ದು ರಾಜ್ಯ ಶಾಸನದ ಬಲದ ಮೇಲೆ. 1993ರ ಏಪ್ರಿಲ್ 24ರಂದು 73ನೇ ತಿದ್ದುಪಡಿ ಜಾರಿಗೆ ಬಂದ ಮೇಲೆ ಐದು ವರ್ಷದ ಅವಧಿ, ಅದು ಮುಗಿಯುವುದರೊಳಗೆ ಚುನಾವಣೆ ಎಂಬುವು ‘ಕಾನ್‌ಸ್ಟಿಟ್ಯೂಷನಲಿ ಮ್ಯಾಂಡೇಟೆಡ್’ ಆದವು, ಅಂದರೆ ಸಂವಿಧಾನವೇ ಕಡ್ಡಾಯ ಮಾಡಿದವು. ‘ಕಾನ್‌ಸ್ಟಿಟ್ಯೂಷನಲಿ ರೆಕಗ್ನೈಸ್ಡ್ ಲ್ಯಾಂಗ್ವೇಜ್’ ಎಂಬುದನ್ನೂ ಹೀಗೆಯೇ ಓದಬೇಕು. ಅದು ಎಂಟನೇ ಅನುಸೂಚಿಯ 22 ಭಾಷೆಗಳನ್ನು ಕುರಿತದ್ದು. ಕನ್ನಡ ಅಲ್ಲಿದೆ, ತುಳು ಇನ್ನೂ ಸೇರಿಲ್ಲ. ಆ ಇಂಗ್ಲಿಷ್ ಮಾತನ್ನು ‘ರಾಷ್ಟ್ರಭಾಷೆ’ ಎಂದು ಅನುವಾದಿಸುವವರಿದ್ದಾರೆ. ಸಂವಿಧಾನದಲ್ಲಿ ಯಾವ ಭಾಷೆಗೂ ಆ ಬಿರುದಿಲ್ಲ.

ಬ್ರಿಟಿಷ್ ಪಠ್ಯವನ್ನು ಅನುವಾದಿಸುವಾಗ ಇನ್ನೊಂದು ಎಚ್ಚರ ಬೇಕು. ಅಲ್ಲಿ ಒಂದೇ ದಸ್ತಾವೇಜಿನ ಲಿಖಿತ ಸಂವಿಧಾನವಿಲ್ಲ. ಶಾಸನಗಳು, ತೀರ್ಪುಗಳು, ರೂಢಿಯಿಂದ ಬಂದ ಸಂಪ್ರದಾಯಗಳು ಎಲ್ಲ ಸೇರಿ ಅವರ ‘ಕಾನ್‌ಸ್ಟಿಟ್ಯೂಷನ್’. ಸಂಸತ್ತು ಒಪ್ಪಿದ ಮಸೂದೆಗೆ ಅರಸರು ಅಂಕಿತ ಹಾಕದಿದ್ದರೆ ಅದು ಕಾನೂನಿನ ಕಟ್ಟುನಿಟ್ಟಿನಲ್ಲಿ ಅಪರಾಧವೇನಲ್ಲ. ಆದರೆ 1708ರಲ್ಲಿ ರಾಣಿ ಆ್ಯನ್ ಸ್ಕಾಟ್ಲೆಂಡಿನ ಮಸೂದೆಯೊಂದಕ್ಕೆ ಒಪ್ಪಿಗೆ ನಿರಾಕರಿಸಿದ ಮೇಲೆ ಯಾವ ಅರಸರೂ ಹಾಗೆ ಮಾಡಿಲ್ಲ, ಈಗ ಮಾಡಿದರೆ ಅದನ್ನು ‘ಅನ್‌ಕಾನ್‌ಸ್ಟಿಟ್ಯೂಷನಲ್’ ಎನ್ನುತ್ತಾರೆ. ಅಂದರೆ ಅಲ್ಲಿನ ಆ ಪದಕ್ಕೆ ‘ಮರ್ಯಾದೆ ಮೀರಿದ, ಸಂಪ್ರದಾಯ ಮುರಿದ’ ಎಂಬ ಧ್ವನಿಯಿದೆ. ನಮ್ಮಲ್ಲಿ ಹಾಗಲ್ಲ. ಮೂಲಭೂತ ಹಕ್ಕುಗಳಿಗೆ ವಿರುದ್ಧವಾದ ಕಾನೂನು ಅಷ್ಟರಮಟ್ಟಿಗೆ ಶೂನ್ಯ ಎಂದು 13ನೇ ವಿಧಿ ಹೇಳುತ್ತದೆ. 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟ್ ಚುನಾವಣಾ ಬಾಂಡ್ ಯೋಜನೆಯನ್ನು ಅಸಾಂವಿಧಾನಿಕ ಎಂದಾಗ ಆ ಯೋಜನೆ ಅಂದಿಗೇ ಬಿದ್ದುಹೋಯಿತು. ಭಾರತದ ಪಠ್ಯದಲ್ಲಿ ಈ ಪದಕ್ಕೆ ‘ಸಂವಿಧಾನಬಾಹಿರ’ ಎಂದು ಧೈರ್ಯವಾಗಿ ಬರೆಯಿರಿ, ಬ್ರಿಟಿಷ್ ಪಠ್ಯದಲ್ಲಿ ‘ಸಂವಿಧಾನದ ಸಂಪ್ರದಾಯಕ್ಕೆ ವಿರುದ್ಧ’ ಎಂದು ಬಿಡಿಸಿ ಹೇಳುವುದು ಮೇಲು.

ಈಗ ನಿಮ್ಮ ಮೂರು ಕನ್ನಡ ಪದಗಳು. ‘ಸಾಂವಿಧಾನಿಕ’ ಎಂದರೆ ಸಂವಿಧಾನಕ್ಕೆ ಸಂಬಂಧಿಸಿದ್ದು, ‘ಸಂವಿಧಾನಬದ್ಧ’ ಎಂದರೆ ಸಂವಿಧಾನಕ್ಕೆ ಒಳಪಟ್ಟದ್ದು. ಇದನ್ನು ಗೊತ್ತುಮಾಡಿಕೊಳ್ಳಲು ಸುಲಭವಾದ ದಾರಿಯೊಂದಿದೆ: ಕೋರ್ಟಿನ ಮುಂದೆ ಬಂದಿರುವ ‘ಸಾಂವಿಧಾನಿಕ ಪ್ರಶ್ನೆ’ ಎನ್ನಬಹುದು, ‘ಸಂವಿಧಾನಬದ್ಧ ಪ್ರಶ್ನೆ’ ಎನ್ನಲಾಗದು. ಒಂದು ಕಾಯ್ದೆಯ ಸಿಂಧುತ್ವವನ್ನು ಕುರಿತ ಚರ್ಚೆ ಸಾಂವಿಧಾನಿಕ ಚರ್ಚೆ. ಅದರ ಕೊನೆಗೆ ಕಾಯ್ದೆ ಸಂವಿಧಾನಬದ್ಧವೆಂದು ತೀರ್ಮಾನವಾಗಬಹುದು, ಆಗದಿರಲೂಬಹುದು. ‘ಸಂವಿಧಾನಾತ್ಮಕ’ ನನಗೆ ಹಿಡಿಸದ ಪದ. ‘ಆತ್ಮಕ’ ಹತ್ತಿದರೆ ಅದೇ ಸ್ವರೂಪದ್ದು ಎಂಬ ಅರ್ಥ ಬರಬೇಕು, ರಚನಾತ್ಮಕ, ಹಾಸ್ಯಾತ್ಮಕ ಎಂಬಂತೆ. ಹುದ್ದೆಯೊಂದು ಸಂವಿಧಾನದ ಸ್ವರೂಪದ್ದಾಗಿರುವುದು ಹೇಗೆ? ಆದರೂ ಪತ್ರಿಕೆಗಳಲ್ಲಿ ಅದು ಬೇರೂರಿದೆ, ಬಳಸಿದವರನ್ನು ನಾನು ಜಗ್ಗಿ ನಿಲ್ಲಿಸುವುದಿಲ್ಲ. ಸಮಾಜದಿಂದ ಸಾಮಾಜಿಕ, ಸಂಸ್ಕೃತಿಯಿಂದ ಸಾಂಸ್ಕೃತಿಕ ಆಗುವಂತೆ ಸಂವಿಧಾನದಿಂದ ‘ಸಾಂವಿಧಾನಿಕ’ ಆಗುತ್ತದೆ. ದೀರ್ಘ ಬಿಟ್ಟು ‘ಸಂವಿಧಾನಿಕ’ ಎಂದು ಬರೆಯುವುದು ತಪ್ಪು. ‘ಸಂವೈಧಾನಿಕ’ ಹಿಂದಿಯಲ್ಲಿ ಚಲಾವಣೆಯಲ್ಲಿರುವ ರೂಪ, ಕನ್ನಡಕ್ಕೆ ಅದು ಬೇಕಿಲ್ಲ.

ಎರಡು ಅರ್ಥಗಳೂ ಒಂದೇ ವಾಕ್ಯದಲ್ಲಿ ಸಾಧ್ಯವಾಗುವುದೂ ಉಂಟು. ‘ದಿ ಪ್ರೈಮ್ ಮಿನಿಸ್ಟರ್ ಈಸ್ ಕಾನ್‌ಸ್ಟಿಟ್ಯೂಷನಲಿ ಇನ್‌ಕೇಪಬಲ್ ಆಫ್ ಶೇರಿಂಗ್ ಪವರ್’ ಎಂದು ಅಂಕಣಕಾರರೊಬ್ಬರು ಬರೆದರೆ, ಸಂವಿಧಾನ ಬಿಡುವುದಿಲ್ಲವೋ ಸ್ವಭಾವ ಬಿಡುವುದಿಲ್ಲವೋ ಎಂಬುದು ಹೊರಗಿನಿಂದ ತಿಳಿಯದು. ಅಂಕಣಕಾರರು ಬೇಕೆಂದೇ ಎರಡಕ್ಕೂ ಗಾಳ ಹಾಕಿರುತ್ತಾರೆ. ಹಿಂದುಮುಂದಿನ ವಾಕ್ಯಗಳನ್ನು ಓದಿ ಒಂದನ್ನು ಆರಿಸಿಕೊಳ್ಳುವುದಲ್ಲದೆ ಬೇರೆ ದಾರಿಯಿಲ್ಲ. ಶ್ಲೇಷೆ ಕನ್ನಡದಲ್ಲಿ ಉಳಿಯುವುದಿಲ್ಲ. ಇದೇ ಕಾರಣಕ್ಕೆ, 1948ರ ನವೆಂಬರ್ 4ರಂದು ಸಂವಿಧಾನ ರಚನಾ ಸಭೆಯಲ್ಲಿ ಕರಡನ್ನು ಮಂಡಿಸುತ್ತ ಅಂಬೇಡ್ಕರ್ ಹೇಳಿದ ಮಾತನ್ನು ಇಂಗ್ಲಿಷಿನಲ್ಲಿ ಓದುವಾಗ ನನಗೆ ಪ್ರತಿ ಸಲವೂ ಒಂದು ಕುತೂಹಲ. ಗ್ರೀಸಿನ ಇತಿಹಾಸ ಬರೆದ ಇಂಗ್ಲೆಂಡಿನ ಗ್ರೋಟ್‌ನನ್ನು ಉಲ್ಲೇಖಿಸಿದ ಅವರು, ‘ಕಾನ್‌ಸ್ಟಿಟ್ಯೂಷನಲ್ ಮೊರಾಲಿಟಿ’ ಎಂಬುದು ಸಹಜವಾಗಿ ಹುಟ್ಟುವ ಭಾವವಲ್ಲ, ಅದನ್ನು ಬೆಳೆಸಿಕೊಳ್ಳಬೇಕು ಎಂದರು. ಪದದ ಎರಡನೇ ಅರ್ಥವನ್ನು ನೆನಪಿನಲ್ಲಿಟ್ಟುಕೊಂಡು ಓದಿದರೆ, ಸಂವಿಧಾನದ ನೀತಿ ನಮ್ಮ ಪ್ರಕೃತಿಯಲ್ಲಿ ಬಂದದ್ದಲ್ಲ ಎಂದು ಅವರು ಹೇಳಿದಂತಾಯಿತು. ಕನ್ನಡದಲ್ಲಿ ‘ಸಾಂವಿಧಾನಿಕ ನೈತಿಕತೆ’ ಎಂದು ಬರೆಯುತ್ತೇವೆ. ಅದು ಸರಿಯಾದ ಅನುವಾದವೇ, ಒಳಗಿನ ಈ ಮಿಣುಕು ಮಾತ್ರ ಅದರಲ್ಲಿ ಕಾಣುವುದಿಲ್ಲ.

ಕೊನೆಗೆ ಉಚ್ಚಾರಣೆ. ಒತ್ತು ‘ಟ್ಯೂ’ ಮೇಲೆ ಬೀಳುತ್ತದೆ, ಮುಂದಿನದನ್ನು ಬೇಗ ನುಂಗಿ ‘ಷ್ನಲಿ’ ಎಂಬಂತೆ ಮುಗಿಸುತ್ತಾರೆ. ಇಂಗ್ಲಿಷಿನಲ್ಲಿ ಎಲ್ ಅಕ್ಷರ ಎರಡು ಸಲ ಬರುತ್ತದೆಂದು ಕನ್ನಡದಲ್ಲಿ ಒತ್ತಕ್ಷರ ಕೊಟ್ಟು ‘ಕಾನ್‌ಸ್ಟಿಟ್ಯೂಷನಲ್ಲಿ’ ಎಂದು ಬರೆದರೆ ನಮ್ಮವರು ಅದನ್ನು ಸಪ್ತಮೀ ವಿಭಕ್ತಿಯೆಂದು ಓದಿ ‘ಸಂವಿಧಾನದಲ್ಲಿ’ ಎಂದು ಅರ್ಥಮಾಡಿಕೊಳ್ಳುತ್ತಾರೆ. ರಾಜ್ಯಪಾಲರ ವಾಕ್ಯದಲ್ಲಿ ಅದರಿಂದ ಅಂಥ ನಷ್ಟವೇನೂ ಇಲ್ಲ.